ಒರೆಸುವ ಮೊದಲು

ಯಂತ್ರ ರಿಪೇರಿ ಮಾಡುವವನ ಅಂಗಿ ಹೇಗಿರುತ್ತದೆ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಚಿಂದಿ ಮೇಸ್ತ್ರಿಯ ಅಂಗಿ ಮಾತ್ರ ಹಾಗಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ನೆಲ ಅಗೆಯುವ ಯಂತ್ರಗಳ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡಿದ್ದರೂ ಹೊರಗೆ ಬರುವಾಗ ಮದುವೆಗೆ ಹೊರಟವನ ಹಾಗೆ ಕಾಣುತ್ತಿದ್ದ. ಅದರ ಗುಟ್ಟು ಅವನ ಎಡ ಹೆಗಲ ಮೇಲೇ ಇತ್ತು. ಹಳೆಯ ದುಪ್ಪಟಿಯಿಂದ ಹರಿದ ಒಂದು ಚಿಂದಿ. ಬೋಲ್ಟು ಬಿಚ್ಚಿದರೆ ಒರೆಸುತ್ತಿದ್ದ, ಬೋಲ್ಟು ಕೂತಿದ್ದ ಜಾಗ ಒರೆಸುತ್ತಿದ್ದ, ಬಿಚ್ಚಿದ ಸ್ಪ್ಯಾನರನ್ನೂ ಒರೆಸುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಲ್ಲಿ ನಮ್ಮ ಮೇಸ್ತ್ರಿಗೆ ಮೊಸರಷ್ಟೇ ಬೇಕು ಎಂದು ರಿಪೇರಿ ಯಾರ್ಡಿನವರು ನಗುತ್ತಿದ್ದರು.

ನಗಲಿ ಬಿಡಿ. ಅವನು ಕೈಯಿಟ್ಟ ಯಂತ್ರ ಮತ್ತೆ ಬೇಗ ಯಾರ್ಡಿಗೆ ಬರುತ್ತಿರಲಿಲ್ಲ ಎನ್ನುವುದನ್ನು ನಕ್ಕವರೂ ಒಪ್ಪುತ್ತಿದ್ದರು. "ಕೊಳೆ ಇದ್ದ ಕಡೆ ಕಣ್ಣು ಓಡಲ್ಲ. ಮೊದಲು ಒರೆಸು, ಆಮೇಲೆ ನೋಡು" ಎಂದು ಜೊತೆಯವರಿಗೆಲ್ಲ ಹೇಳುತ್ತಿದ್ದ. ಮನೆಯಲ್ಲೂ ಅದೇ ರಗಳೆ. ಊಟಕ್ಕೆ ಕೂತರೆ ಲೋಟದ ಹೊರಮೈ ಒರೆಸುತ್ತಿದ್ದ. "ನೀವು ಒರೆಸೋ ರಭಸಕ್ಕೆ ಒಂದಿನ ನನ್ನ ಮುಖದ ಕಣ್ಣು ಮೂಗೂ ಅಳಿಸಿಹೋಗುತ್ತೆ" ಎಂದು ಹೆಂಡತಿ ಬಯ್ಯುತ್ತಿದ್ದಳು.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ಅಪ್ಪ ತೀರಿಕೊಂಡ ಮೇಲೆ ಉಂಡಾಡಿ ಗುಂಡನ ಹಾಗೆ ಬೀದಿ ಅಲೆಯುತ್ತಿದ್ದವನನ್ನು ಕೈಹಿಡಿದು ಯಾರ್ಡಿಗೆ ಕರೆತಂದವರು ಅಕ್ಕನ ಗಂಡ. ಭಾವ ಆಗಲೇ ನೆಲ ಅಗೆಯುವ ಎಕ್ಸ್‌ಕವೇಟರ್ ನಡೆಸುವ ಆಪರೇಟರ್. ಆ ಭಾರೀ ತೋಳಿನ ತುದಿಯಲ್ಲಿ ಬೆಂಕಿಕಡ್ಡಿ ಹಿಡಿಸಿದರೂ ಗೀರಿಯಾರು ಎಂದು ಹೆಸರಾದವರು. "ಇವನಿಗೇನು ಬರುತ್ತೆ?" ಎಂದು ಆಗಿನ ಮೇಸ್ತ್ರಿ ಕೇಳಿದಾಗ, "ತಿನ್ನೋಕೆ ಬರುತ್ತೆ, ಮಿಕ್ಕಿದ್ದು ನೀವು ಕಲಿಸಿ" ಎಂದಿದ್ದರು ಭಾವ. ಆ ಮೇಸ್ತ್ರಿ ಇವನ ಮುಖಕ್ಕೆ ಒಂದು ಬಟ್ಟೆ ಎಸೆದ. ಬಹಳ ಕಾಲ ಇವನಿಗೆ ಸಿಕ್ಕಿದ್ದು ಒರೆಸುವ ಕೆಲಸವೊಂದೇ. ಒರೆಸಿ ಒರೆಸಿಯೇ ಯಂತ್ರದ ಮೂಲೆಮೂಲೆ ಕಲಿತ, ಒರೆಸಿ ಒರೆಸಿಯೇ ತಾನೂ ಮೇಸ್ತ್ರಿಯಾದ. ಭಾವ ಮಾತ್ರ ಸಿಕ್ಕಾಗಲೆಲ್ಲ "ಏನಪ್ಪಾ, ಇವತ್ತು ಯಾವ ಕಬ್ಬಿಣಕ್ಕೆ ಸ್ನಾನ ಮಾಡಿಸ್ದೆ?" ಎಂದು ಕಾಲೆಳೆಯುವುದನ್ನು ಬಿಡಲಿಲ್ಲ. ಅವರಿಬ್ಬರ ನಡುವೆ ಕೆಟ್ಟ ಮಾತೆಂಬುದು ಬಂದೇ ಇರಲಿಲ್ಲ.

ಅದು ಬಂದದ್ದು ಭಾವನ ಎಕ್ಸ್‌ಕವೇಟರಿನ ಎಂಜಿನ್ ಕಾರಣವಿಲ್ಲದೆ ನಿಲ್ಲಲು ಶುರುವಾದ ಮೇಲೆ. ಹಳೆಯ ಬೀದಿಯೊಂದರ ನಡುವೆ ಆಳವಾದ ಕಂದಕ ತೋಡಿ ದೊಡ್ಡ ಸಿಮೆಂಟ್ ಪೈಪು ಹೂಳುವ ಕೆಲಸ ನಡೆಯುತ್ತಿತ್ತು. ಎರಡೂ ಬದಿಗೆ ಅಂಗಡಿಗಳ ಬಾಗಿಲು, ಮನೆಗಳ ಮೆಟ್ಟಿಲು. ಭಾವ ಬಕೆಟ್ಟಿನ ತುಂಬ ಮಣ್ಣೆತ್ತಿ ತಿರುಗಿಸುತ್ತಿದ್ದಾಗ, ಮಾತಾಡುತ್ತಿದ್ದವನ ಬಾಯಿ ಮುಚ್ಚಿಸಿದ ಹಾಗೆ ಎಂಜಿನ್ ಥಟ್ಟನೆ ನಿಂತಿತು.

ಮೇಸ್ತ್ರಿ ಬಂದು ಪರೀಕ್ಷೆ ಮಾಡಿದ. ಡೀಸೆಲ್ ಇತ್ತು, ಗಾಳಿ ಇತ್ತು, ಬ್ಯಾಟರಿ ಗಟ್ಟಿಯಾಗಿತ್ತು. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆ ಮಾತ್ರ ಸ್ಪೀಡ್ ಸೆನ್ಸರಿನ ಕಡೆಗೆ ಬೆರಳು ತೋರಿಸುತ್ತಿತ್ತು.

ಈ ಸೆನ್ಸರಿನ ಕೆಲಸ ಸರಳ. ಎಂಜಿನ್ನಿನ ಹಿಂಬದಿಯಲ್ಲಿ ಫ್ಲೈವೀಲ್ ಎಂಬ ಭಾರೀ ಹಲ್ಲುಚಕ್ರ ತಿರುಗುತ್ತಿರುತ್ತದೆ. ಅದರ ಕವಚದ ತೂತಿನೊಳಗೆ ಹೆಬ್ಬೆರಳಿನಷ್ಟು ದಪ್ಪದ ಸೆನ್ಸರನ್ನು ತಿರುಪಿ ಕೂರಿಸಿರುತ್ತಾರೆ. ಅದರ ತುದಿಯಲ್ಲೊಂದು ಅಯಸ್ಕಾಂತ. ಚಕ್ರದ ಹಲ್ಲು ಒಂದೊಂದೇ ಎದುರಿಗೆ ಹಾದಾಗ ಅದು ಒಂದೊಂದು ಮಿಡಿತ ಕಳಿಸುತ್ತದೆ. ಮಿಡಿತ ಬರುತ್ತಿರುವಷ್ಟು ಹೊತ್ತು ಎಂಜಿನ್ ತಿರುಗುತ್ತಿದೆ ಎಂದು ಪೆಟ್ಟಿಗೆಯ ನಂಬಿಕೆ. ಮಿಡಿತ ನಿಂತರೆ ಎಂಜಿನ್ನೇ ನಿಂತಿತೆಂದು ತಿಳಿದು ಅದು ಡೀಸೆಲ್ ಕಡಿದುಬಿಡುತ್ತದೆ. ಎಂಜಿನ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ನಾಡಿ ಹಿಡಿದು ಕೂತವನೇ ತೂಕಡಿಸಿ, ರೋಗಿ ಸತ್ತ ಎಂದು ಸಾರಿದ ಹಾಗೆ.

ಮೇಸ್ತ್ರಿ ಸೆನ್ಸರ್ ಬಿಚ್ಚಿದ, ಒರೆಸಿದ, ನೋಡಿದ. ಮೀಟರಿಟ್ಟು ಅಳೆದ. ಎಲ್ಲ ಸರಿಯಾಗಿತ್ತು. ತುದಿ ಹಲ್ಲಿಗೆ ತಾಗುವವರೆಗೆ ಕೈಯಿಂದ ತಿರುಪಿ, ಕೂದಲೆಳೆಯಷ್ಟು ಹಿಂದಕ್ಕೆ ತಂದು ನಟ್ಟು ಬಿಗಿದ. ಎಂಜಿನ್ ಹತ್ತಿಕೊಂಡಿತು. ಸ್ವಲ್ಪ ದಿನಕ್ಕೆ ಮತ್ತೆ ನಿಂತಿತು. ಈ ಸಲ ಹೊಸ ಸೆನ್ಸರನ್ನೇ ಹಾಕಿದ. ಭೇಷಾಗಿ ಓಡಿತು. ಆಮೇಲೆ ಅದೂ ನಿಂತಿತು. ಅದನ್ನು ಬಿಚ್ಚಿ ಒರೆಸಿ ಅಳೆದರೆ ಹೊಚ್ಚಹೊಸದರ ಹಾಗೇ ಇದೆ! ವೈರನ್ನು ಉದ್ದಕ್ಕೂ ಬೆರಳಲ್ಲಿ ಸವರಿ ನೋಡಿದ, ಎಂಜಿನ್ ಓಡುತ್ತಿದ್ದಾಗ ಹಿಡಿದು ಅಲ್ಲಾಡಿಸಿದ, ಕನೆಕ್ಟರಿನ ಪಿನ್ನುಗಳನ್ನೆಲ್ಲ ಬೆಳಗಿದ. ಅವನು ನೋಡುತ್ತಾ ನಿಂತಿರುವವರೆಗೂ ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ಮೇಸ್ತ್ರಿ ಬೆನ್ನು ತಿರುಗಿಸಿದ ಮೇಲಷ್ಟೇ ಅದಕ್ಕೆ ಚೇಷ್ಟೆ. ಪೆಟ್ಟಿಗೆಯೂ ಈಗ ಸೆನ್ಸರಿನ ಹೆಸರೆತ್ತದೆ, ಎಂಜಿನ್ ನಿಂತಿತು ಎಂದಷ್ಟೇ ಹೇಳುತ್ತಿತ್ತು. ಯಾರಾದರೂ ಸ್ವಿಚ್ಚೊತ್ತಿ ನಿಲ್ಲಿಸಿದರೂ ಅದು ಹೇಳುವುದು ಅಷ್ಟೇ.

ಆ ಸ್ವಿಚ್ಚಿನಿಂದಲೇ ಮಾತು ಹುಟ್ಟಿದ್ದು. ಎಂಜಿನ್ ನಿಲ್ಲಿಸುವ ಕೆಂಪು ಸ್ವಿಚ್ಚು ಆಪರೇಟರ್ ಸೀಟಿನ ಎಡಗಡೆ, ಮೊಣಕೈ ತಗಲುವಷ್ಟು ಹತ್ತಿರದಲ್ಲಿತ್ತು. "ವಯಸ್ಸಾಯ್ತು, ಕೈ ಎಲ್ಲಿ ಹೋಗುತ್ತೆ ಅಂತ ಅವರಿಗೇ ಗೊತ್ತಾಗಲ್ಲ" ಎಂದು ಒಬ್ಬ ಅಂದ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ಇನ್ನೊಬ್ಬ ಸೇರಿಸಿದ. ಎಲುಬಿಲ್ಲದ ನಾಲಿಗೆ, ಅದಕ್ಕೇನು ಖರ್ಚು?

ಕೆಲಸದ ಉಸ್ತುವಾರಿ ಹೊತ್ತಿದ್ದ ಎಂಜಿನಿಯರ್ ಮೇಡಂ ಕಾಡುಹರಟೆಗೆ ಕಿವಿಗೊಡುವವರಲ್ಲ. ಅವರು ನೇರವಾಗಿ ಮೇಸ್ತ್ರಿಯನ್ನೇ ಕರೆದು ಕೇಳಿದರು. "ಸುತ್ತಿ ಬಳಸಿ ಹೇಳ್ಬೇಡಿ. ಮೆಷಿನ್ ಸರಿ ಇದೆಯಾ, ಇಲ್ವಾ?"

ಮೇಸ್ತ್ರಿ ಮನಸ್ಸಿನಲ್ಲೇ ಯಂತ್ರವನ್ನು ಒಮ್ಮೆ ಸುತ್ತಿಬಂದ. ತಾನು ಬಿಚ್ಚದ ಭಾಗ, ಒರೆಸದ ಜಾಗ ಅದರಲ್ಲಿ ಉಳಿದಿರಲಿಲ್ಲ. "ಸರಿ ಇದೆ ಮೇಡಂ" ಅಂದ.

"ಹಾಗಾದ್ರೆ ತೊಂದರೆ ಸೀಟಿನ ಮೇಲಿದೆ" ಎಂದರು ಮೇಡಂ. "ಇನ್ನೊಂದು ಸಲ ನಿಂತ್ರೆ ಅವರನ್ನ ಇಳಿಸ್ತೀನಿ. ಕೆಳಗೆ ಗುಂಡಿಯಲ್ಲಿ ಜನ ಇರ್ತಾರೆ. ಇಳಿಸಿದ ಮೇಲೆ ಬೇರೆ ಯಾವ ಕೆಲಸದಲ್ಲೂ ಅವರಿಗೆ ಮೆಷಿನ್ನಿನ ಲಿವರ್ ಕೊಡೋಕೆ ನಾನು ಒಪ್ಪಲ್ಲ." ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೇಸ್ತ್ರಿಯ ಮಾತನ್ನು ನಂಬಿದ್ದರು, ಅಷ್ಟೇ.

ಮಾತು ಮನೆ ಕೆಡಿಸಿತು ಅನ್ನುತ್ತಾರಲ್ಲ, ಹಾಗೇ ಆಯಿತು. ಭಾವ ಕಾಲೆಳೆಯುವುದನ್ನು ನಿಲ್ಲಿಸಿದರು. ಎದುರಾದರೆ ತಲೆಯಾಡಿಸಿ ಹೋಗಿಬಿಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು ಮೇಸ್ತ್ರಿಗೆ. ತಡೆಯಲಾಗದೆ ಒಂದು ಸಂಜೆ ಅಕ್ಕನ ಮನೆಗೆ ಹೋದ. ಭಾವ ಇರಲಿಲ್ಲ. ಅಕ್ಕ ನೀರು ಕೊಟ್ಟಳು, ಎದುರಿಗೆ ಕೂತಳು, ಬಹಳ ಹೊತ್ತು ಬಟ್ಟೆ ಮಡಿಸುತ್ತಲೇ ಇದ್ದಳು.

"ನಿನ್ನ ಭಾವ ಮಲಗಿದಲ್ಲೇ ಎಡಗೈ ಎತ್ತಿ ಎತ್ತಿ ನೋಡ್ಕೋತಾರೆ" ಅಂದಳು ಕೊನೆಗೆ. "ಏನು ಅಂತ ಕೇಳಿದ್ರೆ, ಏನಿಲ್ಲ ಅಂತಾರೆ."

"ಅಕ್ಕಾ, ನಾನು ಅವರ ಹೆಸರು ಎತ್ತಲಿಲ್ಲ. ಮೆಷಿನ್ ಸರಿ ಇದೆ ಅಂತ ಮಾತ್ರ ಹೇಳಿದ್ದು."

"ಎರಡೂ ಒಂದೇ ಕಣೋ. ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

"ಗೊತ್ತಿರೋದನ್ನ ಗೊತ್ತಿಲ್ಲ ಅನ್ನಲಾ? ಮೂರು ಸಲ ಬಿಚ್ಚಿ ನೋಡಿದೀನಿ!"

ಅಕ್ಕ ಎದ್ದಳು. ಲೋಟ ಎತ್ತಿಕೊಂಡು ಒಳಗೆ ಹೋದಳು. ಅವನು ಲೋಟದ ಹೊರಮೈ ಒರೆಸದೆಯೇ ನೀರು ಕುಡಿದಿದ್ದ. ಅದು ಅವನಿಗೆ ಗೊತ್ತೂ ಆಗಿರಲಿಲ್ಲ.

ಕೊನೆಗೆ ಆ ದಿನ ಬಂತು. ಬೀದಿಯ ತಿರುವಿನಲ್ಲಿ ಕೂರಬೇಕಾದ ಪೈಪನ್ನು ಇಳಿಸುವ ಕೆಲಸ. ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಮೇಡಂ ಕಂದಕದ ಅಂಚಿನಲ್ಲಿ ನಿಂತಿದ್ದರು. ಏನಾದರೂ ಆದರೆ ಕೈಗೆ ಸಿಗಲಿ ಎಂದು ಮೇಸ್ತ್ರಿಯನ್ನೂ ಕರೆಸಿದ್ದರು. ಭಾವ ಬೆಳಿಗ್ಗೆಯೇ ಕ್ಯಾಬಿನ್ ಹತ್ತಿ ಕೂತವರು ಊಟಕ್ಕೂ ಇಳಿದಿರಲಿಲ್ಲ. ಧೂಳು ಮೆತ್ತಿದ ಗಾಜಿನ ಹಿಂದೆ ಅವರ ತಲೆಯಷ್ಟೇ ಕಾಣುತ್ತಿತ್ತು.

ಕಂದಕದೊಳಗೆ ಹೆಗ್ಗಣ ಇದ್ದ. ಪೈಪಿನ ಬಾಯಿಗೆ ಬಾಯಿ ಕೂಡಿಸುವ ಕೆಲಸದವನು. ಯಾವಾಗಲೂ ಬಿಲದಲ್ಲಿರುವವನಾದ್ದರಿಂದ ಆ ಹೆಸರು. ಆಗಲೇ ಕೂರಿಸಿದ್ದ ಪೈಪಿನ ಬಾಯಲ್ಲಿ ಕುಕ್ಕರುಗಾಲಲ್ಲಿ ಕೂತು, "ಬರ್ಲಿ ಬರ್ಲಿ, ಮದುಮಗಳನ್ನ ಇಳಿಸೋ ಹಾಗೆ ಇಳಿಸಿ" ಎಂದು ಕೂಗುತ್ತಿದ್ದ. ಅವನ ಹಿಂದೆ ಆ ಪೈಪಿನ ಇನ್ನೊಂದು ತುದಿಯನ್ನು ನೀರು ಬಾರದ ಹಾಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಹತ್ತಿ ಬರುವ ಏಣಿ ಅವನ ಮುಂದೆ, ಹೊಸ ಪೈಪು ಇಳಿಯುವ ಜಾಗದ ಆಚೆಗಿತ್ತು. ಎರಡೂ ಗೋಡೆಗಳ ಮಣ್ಣು ಕುಸಿಯದಂತೆ ಕಬ್ಬಿಣದ ತಗಡು ನಿಲ್ಲಿಸಿ, ನಡುವೆ ಅಡ್ಡಕ್ಕೆ ಆ ತಗಡುಗಳನ್ನು ಒತ್ತಿ ಹಿಡಿಯುವ ಜಾಕಿಗಳನ್ನು ಕೊಟ್ಟಿದ್ದರು.

ಪೈಪು ಯಂತ್ರದ ತೋಳಿಗೆ ಕಟ್ಟಿದ ಬೆಲ್ಟಿನಲ್ಲಿ ತೂಗುತ್ತಾ ಜಾಕಿಗಳ ನಡುವೆ ಇಳಿಯಿತು. ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ನಯವಾಗಿ ಇಳಿಸುತ್ತಿದ್ದರು ಭಾವ. ಇನ್ನೊಂದು ಮೊಳ ಉಳಿದಿರಬೇಕು. ಎಂಜಿನ್ ನಿಂತಿತು.

ತೋಳು ಗಕ್ಕನೆ ತಡೆದ ಹೊಡೆತಕ್ಕೆ ಪೈಪು ಜೋಲಿ ಹೊಡೆಯಿತು. ಒಂದು ಅಂಚು ಅಡ್ಡ ಜಾಕಿಗೆ ಬಡಿದು ಅದರ ಮೇಲೇ ಕೂತಿತು. ಇನ್ನೊಂದು ಅಂಚು ಹೆಗ್ಗಣನ ಅಂಗೈಯನ್ನು ಉಜ್ಜಿಕೊಂಡು ಹೋಯಿತು. ಅವನು ಕಿರುಚಿ, ಕೈ ಎಳೆದುಕೊಂಡು, ತಾನು ಕೂತಿದ್ದ ಪೈಪಿನೊಳಗೆ ನುಗ್ಗಿದ. ಈಗ ಅವನ ಹಿಂದೆ ಇಟ್ಟಿಗೆ, ಮುಂದೆ ತೂಗುವ ಪೈಪು. ಭಾರ ಬಿದ್ದ ಜಾಕಿ ಬಾಗತೊಡಗಿತು. ತಗಡಿನ ಹಿಂದಿನಿಂದ ಮಣ್ಣು ಸಣ್ಣಗೆ ಉದುರತೊಡಗಿತು.

"ಯಾರೂ ಇಳೀಬೇಡಿ!" ಎಂದು ಮೇಡಂ ಕೂಗಿದರು. ಅವರ ದನಿ ಸೀಳಿತ್ತು.

ಎಂಜಿನ್ ಇಲ್ಲದೆ ಆ ತೋಳನ್ನು ಇಳಿಸಬಹುದು, ಎತ್ತಲಾಗದು. ಇಲ್ಲಿ ಎತ್ತಲೇಬೇಕಿತ್ತು. ಎತ್ತದಿದ್ದರೆ ಹಳೆಯ ಯಂತ್ರದ ತೋಳು ತಾನಾಗಿಯೇ ಕೂದಲೆಳೆ ಕೂದಲೆಳೆಯಾಗಿ ಜಗ್ಗುತ್ತದೆ, ಪೈಪಿನ ಭಾರವೆಲ್ಲ ಜಾಕಿಯ ಮೇಲೆ ಬೀಳುತ್ತದೆ, ಜಾಕಿ ಹಾರಿದರೆ ಗೋಡೆಯ ಮಣ್ಣು ಹೆಗ್ಗಣನ ಬಾಗಿಲು ಮುಚ್ಚುತ್ತದೆ. ಇನ್ನೊಂದು ಯಂತ್ರವಿದ್ದದ್ದು ಊರಿನ ಆಚೆ ತುದಿಯಲ್ಲಿ. ಅದಕ್ಕೆ ಫೋನು ಹೋಯಿತು, ಆದರೆ ಅದು ಬರುವವರೆಗೆ ಜಾಕಿ ತಡೆಯುವಂತೆ ಕಾಣಲಿಲ್ಲ.

ಮೇಸ್ತ್ರಿ ಅಂಚಿನಲ್ಲಿ ಬೋರಲು ಮಲಗಿ ಕೆಳಗೆ ನೋಡಿದ. ಸಂದಿಯಲ್ಲಿ ಹೆಗ್ಗಣನ ಮುಖ ಅರ್ಧ ಕಾಣುತ್ತಿತ್ತು. ಅಂಗೈಯಿಂದ ರಕ್ತ ಮೊಣಕೈವರೆಗೆ ಇಳಿದಿತ್ತು.

"ಮೇಸ್ತ್ರಿ, ಹೆಗ್ಗಣ ಬೋನಿಗೆ ಬಿತ್ತು" ಎಂದು ನಗಲು ನೋಡಿದ ಅವನು.

ಮೇಸ್ತ್ರಿ ಹೆಗಲ ಮೇಲಿನ ಚಿಂದಿ ಎಳೆದು, ಗಂಟು ಹಾಕಿ, ಸಂದಿಯೊಳಗೆ ಎಸೆದ. ಅವತ್ತು ಬೆಳಿಗ್ಗೆ ಒಗೆದ ಬಟ್ಟೆ, ಇನ್ನೂ ಒಂದು ಕಲೆ ಬಿದ್ದಿರಲಿಲ್ಲ. "ಬಿಗಿಯಾಗಿ ಸುತ್ತಿಕೋ. ಕೈ ಮೇಲಕ್ಕೆತ್ತಿ ಇಟ್ಕೋ. ನಾನು ಬಂದೆ."

ಆಗ ಭಾವ ಕೀ ತಿರುಗಿಸಿದ ಸದ್ದು ಕೇಳಿತು. ಸ್ಟಾರ್ಟರ್ ಮೋಟಾರು ಕರಕರ ಎಂದು ಹಲ್ಲು ಕಡಿಯಿತು, ಎಂಜಿನ್ ಹೊರಳಿತು, ಹತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಮತ್ತೆ ಅದೇ ಕರಕರ. ಆ ಸದ್ದು ಮೇಸ್ತ್ರಿಯ ಕಿವಿಗೆ ಚುಚ್ಚಿತು. ಸ್ಟಾರ್ಟರ್ ಇಷ್ಟು ಒರಟಾಗಿ ಯಾವಾಗ ಕೂಗತೊಡಗಿತು?

"ಸಾಕು ಭಾವ! ತಿರುಗಿಸ್ಬೇಡಿ!" ಎಂದು ಕೂಗುತ್ತಲೇ ಯಂತ್ರದ ಬೆನ್ನು ಹತ್ತಿದ.

ಮುಚ್ಚಳ ಎತ್ತಿದಾಗ ಕಾವು ಮುಖಕ್ಕೆ ರಾಚಿತು. ಒಂದು ಕೈ ಒಳಗೆ ತೂರಿಸಿ, ಕಣ್ಣಿಗೆ ಕಾಣದ ಜಾಗದಲ್ಲಿ ಬೆರಳಿನಿಂದಲೇ ನಟ್ಟು ಹುಡುಕಿ ಸಡಿಲಿಸಿದ. ಬಿಸಿ ಕಬ್ಬಿಣಕ್ಕೆ ಮುಂಗೈ ತಾಗಿ ಚುರುಗುಟ್ಟಿತು. ಕೆಳಗೆ ಜಾಕಿ ಒಮ್ಮೆ ಟಣ್ ಎಂದಿತು, ಯಾರೋ ಅಯ್ಯೋ ಎಂದರು. ಅವನ ಕೈ ತನ್ನ ಪಾಡಿಗೆ ತಿರುಪುತ್ತಾ ಹೋಯಿತು. ಸೆನ್ಸರ್ ಹೊರಗೆ ಬಂತು.

ಬಂದೊಡನೆ ಅವನ ಬಲಗೈ ಎಡ ಹೆಗಲಿಗೆ ಹೋಯಿತು. ಹೆಗಲು ಬರಿದಾಗಿತ್ತು.

ಬೆರಳುಗಳು ಅಲ್ಲಿ ಇಲ್ಲದ ಬಟ್ಟೆಗೆ ತಡಕಾಡಿದವು. ಆ ತಡಕಾಟದ ಒಂದು ಕ್ಷಣದಲ್ಲಿ ಅವನ ಕಣ್ಣು ಸೆನ್ಸರಿನ ತುದಿಯ ಮೇಲೆ ಬಿತ್ತು. ಇಷ್ಟು ವರ್ಷದ ಕಸುಬಿನಲ್ಲಿ ಸೆನ್ಸರಿನ ತುದಿಯನ್ನು ಒರೆಸುವ ಮೊದಲು ಅವನು ನೋಡಿದ್ದು ಇದೇ ಮೊದಲು.

ಅದಕ್ಕೆ ಗಡ್ಡ ಬೆಳೆದಿತ್ತು. ಕಬ್ಬಿಣದ ಪುಡಿ, ಹುಡಿಗಿಂತ ಸಣ್ಣದು, ಅಯಸ್ಕಾಂತಕ್ಕೆ ಅಂಟಿ ಒತ್ತೊತ್ತಾಗಿ ಎದ್ದು ನಿಂತಿತ್ತು. ನಡುನಡುವೆ ಮಿಣುಕುವ ಸಣ್ಣ ಚಕ್ಕೆಗಳು. ಆ ಗಡ್ಡದ ಮರೆಯಲ್ಲಿ ಅಯಸ್ಕಾಂತ ಕುರುಡಾಗಿತ್ತು. ಹಲ್ಲು ಬಂದದ್ದೂ ಹೋದದ್ದೂ ಅದಕ್ಕೆ ತಿಳಿಯುತ್ತಿರಲಿಲ್ಲ.

ಮೇಸ್ತ್ರಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಮೊದಲ ಸಲವೂ ಈ ಗಡ್ಡ ಇತ್ತು. ಎರಡನೆಯ ಸಲವೂ ಇತ್ತು, ಮೂರನೆಯ ಸಲವೂ ಇತ್ತು. ಹೊರಗೆ ಬಂದದ್ದೇ ತಡ, ಅವನ ಚಿಂದಿ ಅದನ್ನು ಸವರಿಹಾಕಿತ್ತು. ಎಣ್ಣೆ ಮೆತ್ತಿದ ಬಟ್ಟೆಯಲ್ಲಿ ಆ ಕಪ್ಪು ಸೇರಿಹೋಗಿತ್ತು. ಆಮೇಲೆ ಅವನು ನೋಡಿದ್ದು, ಅಳೆದದ್ದು ಬೋಳಿಸಿದ ಮುಖವನ್ನು. ಹೊಸ ಸೆನ್ಸರ್ ಓಡಿದ್ದು ಹೊಸದೆಂದಲ್ಲ, ಅದರ ತುದಿ ಶುಭ್ರವಾಗಿತ್ತು ಎಂದು. ರೋಗವೇನೆಂದು ತಿಳಿಯದೆಯೇ ಪ್ರತಿ ಸಲ ವಾಸಿ ಮಾಡಿ, ರೋಗವೇ ಇರಲಿಲ್ಲ ಎಂದು ಹೇಳಿಬಂದಿದ್ದ. ದೀಪದ ಬುಡದಲ್ಲೇ ಕತ್ತಲೆ. ಅದೂ ತಾನೇ ಹಿಡಿದಿದ್ದ ದೀಪ.

ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದ. ಫ್ಲೈವೀಲಿನ ಹಲ್ಲಿನ ಅಂಚು ಇಲಿ ಕಡಿದ ಹಾಗಿತ್ತು. ಪುಡಿ ಎಲ್ಲಿಂದ ಬರುತ್ತಿದೆ ಎಂದು ಈಗ ಕೇಳಬೇಕಾಗಿರಲಿಲ್ಲ. ಆ ಚಕ್ರವನ್ನು ತಿರುಗಿಸಿ ಎಂಜಿನ್ ಹತ್ತಿಸುವ ಸ್ಟಾರ್ಟರ್ ಮೋಟಾರು ಓರೆಯಾಗಿ ಕೂತು, ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಆ ಹಲ್ಲುಗಳನ್ನು ತುರಿಯುತ್ತಿತ್ತು. ಎಂಜಿನ್ ನಿಂತಷ್ಟೂ ಸ್ಟಾರ್ಟ್ ಮಾಡಬೇಕು, ಸ್ಟಾರ್ಟ್ ಮಾಡಿದಷ್ಟೂ ಪುಡಿ, ಪುಡಿ ಬಿದ್ದಷ್ಟೂ ಎಂಜಿನ್ ನಿಲ್ಲಬೇಕು.

"ಮೇಡಂ! ಇಲ್ಲಿ ಬನ್ನಿ, ಇದನ್ನ ನೋಡಿ!"

"ಆಮೇಲೆ ನೋಡ್ತೀನಿ! ಮೊದಲು ಸ್ಟಾರ್ಟ್ ಮಾಡಿ!" ಮೇಡಂ ಕಂದಕದ ಅಂಚು ಬಿಟ್ಟು ಕದಲಲಿಲ್ಲ.

ಅವರು ಹೇಳಿದ್ದೇ ಸರಿ. ಆದರೆ ಸ್ಟಾರ್ಟ್ ಆಗಬೇಕಾದರೆ ಇದನ್ನು ಒರೆಸಬೇಕು. ಒರೆಸಿದರೆ ಮತ್ತೆ ಎಂದಿನಂತೆ ಎಲ್ಲ ಸರಿಯಾಗಿಬಿಡುತ್ತದೆ, ಎಂಜಿನ್ ಓಡುತ್ತದೆ, ಪುಡಿಯ ಗುರುತೂ ಉಳಿಯದೆ ಭಾವನನ್ನು ಸೀಟಿನಿಂದ ಇಳಿಸುತ್ತಾರೆ. ಬೇರೆ ಸೆನ್ಸರ್ ತರಲು ಪುರುಸೊತ್ತಿಲ್ಲ. ಜಾಕಿ ಇನ್ನೊಮ್ಮೆ ಟಣ್ ಎಂದಿತು. "ಮೇಸ್ತ್ರೀ..." ಎಂದ ಹೆಗ್ಗಣ ಕೆಳಗಿನಿಂದ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ಮೇಸ್ತ್ರಿ ಸೆನ್ಸರನ್ನು ತನ್ನ ಎದೆಗೆ ಒತ್ತಿ, ಅಂಗಿಗೆ ಉದ್ದಕ್ಕೆ ಎಳೆದ. ಒಂದು ಚುಕ್ಕೆ ಕೊಳೆ ಕಾಣದ ಆ ತಿಳಿನೀಲಿ ಅಂಗಿಯ ಮೇಲೆ ಹೆಗಲಿನಿಂದ ಹೊಟ್ಟೆಯವರೆಗೆ ಕಪ್ಪು ಗೆರೆ ಮೂಡಿತು. ತುದಿ ಹೊಳೆಯುವವರೆಗೂ ಉಜ್ಜಿ, ತೂತಿಗೆ ಕೊಟ್ಟ. ಈಗ ಆತುರಪಡುವಂತಿರಲಿಲ್ಲ. ಟಾರ್ಚಿನಲ್ಲಿ ಎದುರಿಗಿರುವುದು ಹಲ್ಲೇ ಎಂದು ನೋಡಿಕೊಂಡ. ಎರಡು ಹಲ್ಲಿನ ನಡುವಿನ ಸಂದಿಗೆ ತಾಗಿಸಿ ಬಿಗಿದರೆ, ಚಕ್ರ ಹೊರಳಿದ ಕೂಡಲೇ ಹಲ್ಲು ಬಂದು ತುದಿಯನ್ನೇ ಮುರಿಯುತ್ತದೆ. ತಾಗಿಸಿದ, ಕೂದಲೆಳೆಯಷ್ಟು ಹಿಂದೆ ತಂದ, ಬಿಗಿದ, ವೈರು ಸಿಕ್ಕಿಸಿದ.

"ಭಾವ, ಒಂದೇ ಸಲ! ಹತ್ತಿದ ಮೇಲೆ ಏನೇ ಆದ್ರೂ ನಿಲ್ಲಿಸ್ಬೇಡಿ!"

ಕರಕರ ಸದ್ದು ಎದ್ದಿತು. ಎಂಜಿನ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಗುಡುಗಿ ಓಡತೊಡಗಿತು.

ಭಾವ ಅವಸರ ಮಾಡಲಿಲ್ಲ. ಬೆಲ್ಟು ಬಿಗಿಯಾಗುವವರೆಗೆ ಕಾದು, ಪೈಪನ್ನು ಅಂಗುಲ ಅಂಗುಲವಾಗಿ ಎತ್ತಿದರು. ಜಾಕಿಯಿಂದ ಭಾರ ಬಿಟ್ಟಿತು. ಪೈಪು ಮೇಲೆದ್ದು, ಕಂದಕ ದಾಟಿ, ಬೀದಿಯ ಬದಿಯಲ್ಲಿ ಮಗು ಮಲಗಿಸಿದಷ್ಟು ಮೆತ್ತಗೆ ಕೂತಿತು. ಹೆಗ್ಗಣ ಏಣಿ ಹತ್ತಿ ಬಂದ. ಚಿಂದಿ ಸುತ್ತಿದ ಕೈಯನ್ನು ಎದೆಗೊತ್ತಿ ಹಿಡಿದಿದ್ದ. ನೆಲಕ್ಕೆ ಕಾಲಿಟ್ಟವನು ಅಲ್ಲೇ ಕುಸಿದು ಕೂತು ಬಿಕ್ಕಿದ. ಅವನ ಬೆನ್ನ ಹಿಂದೆ, ಕಂದಕದೊಳಗೆ, ಬಾಗಿದ ಜಾಕಿ ಕಳಚಿ ಬಿತ್ತು. ತಗಡು ವಾಲಿ, ಒಂದು ಗಾಡಿಯಷ್ಟು ಮಣ್ಣು ಜರಿಯಿತು.

ಹೆಗ್ಗಣನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಮೇಡಂ ತಿರುಗಿದರು. ಮುಖ ಬಿಳಿಚಿಕೊಂಡಿತ್ತು. "ಅವರನ್ನ ಇಳಿಸಿ" ಅಂದರು, ಕ್ಯಾಬಿನ್ ಕಡೆ ನೋಡುತ್ತಾ. "ನಾನು ಹೇಳಿದ್ದೆ."

"ಇಳಿಸೋದಾದ್ರೆ ನನ್ನನ್ನ ಇಳಿಸಿ" ಎಂದ ಮೇಸ್ತ್ರಿ. ಎಲ್ಲರೂ ಅವನ ಅಂಗಿ ನೋಡುತ್ತಿದ್ದರು. ಅವನ ಅಂಗಿಯ ಮೇಲೆ ಕೊಳೆಯನ್ನು ಅವರ್ಯಾರೂ ಕಂಡಿರಲಿಲ್ಲ. "ಮೆಷಿನ್ ಸರಿ ಇದೆ ಅಂತ ಹೇಳಿದ್ದು ನಾನು. ಸರಿ ಇರ್ಲಿಲ್ಲ ಮೇಡಂ. ಯಾವತ್ತೂ ಸರಿ ಇರ್ಲಿಲ್ಲ. ಇದನ್ನ ಮುಟ್ಟಿ ನೋಡಿ."

ಮೇಡಂ ಬೆರಳಿನಿಂದ ಆ ಗೆರೆ ಸವರಿದರು. ಬೆರಳ ತುದಿಯನ್ನು ಬಿಸಿಲಿಗೆ ಹಿಡಿದರು. ಅದು ಮಿಣುಕಿತು.

"ಕಬ್ಬಿಣ" ಎಂದರು.

"ಸೆನ್ಸರ್ ತುದಿಗೆ ಹತ್ತಿಕೊಂಡಿತ್ತು. ಫ್ಲೈವೀಲ್ ಹಲ್ಲು ಸವೀತಾ ಇದೆ. ಪ್ರತಿ ಸಲಾನೂ ಇದು ಇತ್ತು, ಪ್ರತಿ ಸಲಾನೂ ನಾನೇ ಒರೆಸಿ ಹಾಕಿದೀನಿ. ನೋಡೋಕೆ ಮೊದಲೇ." ಅವನು ಕ್ಯಾಬಿನ್ ಕಡೆ ಕೈ ತೋರಿಸಿದ. "ಅವರ ಮೊಣಕೈಗೂ ಇದಕ್ಕೂ ಸಂಬಂಧ ಇಲ್ಲ."

ಮೇಡಂ ಬೆರಳಿನ ಪುಡಿಯನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದರು. "ನಾನೂ ಒಂದು ಸಲ ಪಕ್ಕದಲ್ಲಿ ನಿಂತು ನೋಡಬಹುದಿತ್ತು" ಎಂದರು, ತಮಗೆ ತಾವೇ ಎಂಬಂತೆ. ಆಮೇಲೆ ಗಟ್ಟಿಯಾಗಿ, "ಹಲ್ಲುಚಕ್ರ, ಸ್ಟಾರ್ಟರ್ ಎರಡೂ ಬದಲಾಗೋವರೆಗೆ ಈ ಮೆಷಿನ್ ಓಡಕೂಡ್ದು. ಬದಲಾದ ಮೇಲೆ ಸೀಟು ಅವರದ್ದೇ. ಹೋಗಿ ಹೇಳಿ."

ಭಾವ ಇನ್ನೂ ಇಳಿದಿರಲಿಲ್ಲ. ನಿಲ್ಲಿಸಬೇಡಿ ಎಂದ ಮಾತಿಗೆ ಕಟ್ಟುಬಿದ್ದು ಎಂಜಿನ್ನನ್ನು ಓಡಿಸಿಕೊಂಡೇ ಕೂತಿದ್ದರು. ಮೇಸ್ತ್ರಿ ಮೆಟ್ಟಿಲು ಹತ್ತಿ ಬಾಗಿಲು ತೆಗೆದ.

ಭಾವನ ಎಡ ಮೊಣಕೈಯನ್ನು ಅವರ ಸೊಂಟಕ್ಕೆ ಕಟ್ಟಿಹಾಕಲಾಗಿತ್ತು. ಒಂದು ಅಗಲವಾದ ಪಟ್ಟಿಯಿಂದ ತೋಳನ್ನು ಪಕ್ಕೆಗೆ ಬಿಗಿದು, ಎರಡು ಸುತ್ತು ಸುತ್ತಿ, ಹಿಂದೆ ಗಂಟು ಹಾಕಿದ್ದರು. ಲಿವರ್ ಹಿಡಿಯಲು ಮಣಿಕಟ್ಟನ್ನಷ್ಟೇ ಬಿಟ್ಟಿದ್ದರು. ಬೆಳಗಿನಿಂದ ಹಾಗೇ ಕೂತಿದ್ದರು. ಎಡಗಡೆ ಆ ಒಂದು ಮಣಿಕಟ್ಟಿನಿಂದಲೇ ಪೈಪನ್ನು ಅಂಗುಲ ಅಂಗುಲವಾಗಿ ಎತ್ತಿದ್ದರು.

"ಭಾವ, ಏನಿದು?"

"ನಿಮ್ಮಕ್ಕ ಕಟ್ಟಿದ್ದು. ನಾನೇ ಕಟ್ಟು ಅಂದೆ." ಭಾವ ಎದುರಿನ ಗಾಜನ್ನೇ ನೋಡುತ್ತಿದ್ದರು. "ನೀನು ಸುಳ್ಳು ಹೇಳೋನಲ್ಲ. ಮೆಷಿನ್ ಸರಿ ಇದೆ ಅಂತ ನೀನೇ ಅಂದ್ಮೇಲೆ, ನನ್ನ ಕೈಯೇ ಸರಿ ಇಲ್ಲ ಅಂದುಕೊಂಡೆ. ಇಷ್ಟು ಕಟ್ಟಿದ್ರೂ ನಿಂತ್ಬಿಡ್ತಲ್ಲ. ಇನ್ನು ಯಾವ ಕೈ ಕಟ್ಲಿ ಅಂತ ನೋಡ್ತಾ ಕೂತಿದೀನಿ."

ಮೇಸ್ತ್ರಿಗೆ ಅಳು ಬಂತು. ತಡೆಯಲು ನೋಡಲಿಲ್ಲ. ಭಾವನ ಹಿಂದೆ ಮಂಡಿಯೂರಿ ಕೂತು ಗಂಟಿಗೆ ಕೈ ಹಾಕಿದ. ಬೆವರಿಗೆ ನೆನೆದು ಗಂಟು ಕಲ್ಲಾಗಿತ್ತು. ಎಂಥೆಂಥ ತುಕ್ಕು ಹಿಡಿದ ನಟ್ಟು ಬಿಚ್ಚಿದ ಕೈಗೆ ಅದು ಬಗ್ಗಲೇ ಇಲ್ಲ. ಕೊನೆಗೆ ಹಲ್ಲಿನಿಂದ ಕಚ್ಚಿ ಸಡಿಲಿಸುತ್ತಾ, ಮೆಷಿನ್ನಿನ ಹಲ್ಲು ಸವೆದದ್ದು, ಸೆನ್ಸರಿಗೆ ಗಡ್ಡ ಬೆಳೆದದ್ದು, ತಾನು ಅದನ್ನು ಒರೆಸಿ ಹಾಕಿದ್ದು ಎಲ್ಲವನ್ನೂ ಬಿಕ್ಕುತ್ತಲೇ ಹೇಳಿದ.

ಪಟ್ಟಿ ಸಡಿಲವಾಯಿತು. ಭಾವ ಎಡಗೈಯನ್ನು ಮೆಲ್ಲಗೆ ಮುಂದಕ್ಕೆ ಚಾಚಿದರು, ಮಡಿಸಿದರು, ಕಳೆದುಹೋದ ಕೈ ಮರಳಿ ಸಿಕ್ಕಂತೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅವರ ಕಣ್ಣು ಮೇಸ್ತ್ರಿಯ ಎದೆಯ ಮೇಲಿನ ಕಪ್ಪು ಗೆರೆಗೆ ಬಂತು.

"ಏನಪ್ಪಾ, ಇವತ್ತು ನಿನಗೇ ಸ್ನಾನ ಆಗ್ಬೇಕಲ್ಲ" ಅಂದರು.

ಮೇಸ್ತ್ರಿ ಆ ಅಂಗಿಯನ್ನು ಒಗೆಯಲು ಹೆಂಡತಿಗೆ ಕೊಡಲಿಲ್ಲ. ಅದು ಯಾರ್ಡಿನಲ್ಲಿ, ಅವನು ಉಪಕರಣ ಇಡುವ ಗೂಡಿನ ಪಕ್ಕದ ಮೊಳೆಗೆ ಇಂದಿಗೂ ತೂಗುತ್ತಿದೆ. ಚಿಂದಿ ಈಗಲೂ ಅವನ ಹೆಗಲ ಮೇಲಿರುತ್ತದೆ. ಆದರೆ ಯಾವುದೇ ಭಾಗ ಬಿಚ್ಚಿದರೂ ಅವನು ಮೊದಲು ಅದನ್ನು ಬೆಳಕಿಗೆ ಹಿಡಿದು, ಎಲ್ಲ ಕಡೆಯಿಂದ ತಿರುಗಿಸಿ, ಅಕ್ಕಪಕ್ಕದವರಿಗೆ ಬೇಸರ ಬರುವಷ್ಟು ಹೊತ್ತು ನೋಡುತ್ತಾನೆ. ಆಗ ಯಾರಾದರೂ "ಏನಾಗಿದೆ ಮೇಸ್ತ್ರಿ?" ಎಂದು ಕೇಳಿದರೆ, "ಇನ್ನೂ ಗೊತ್ತಿಲ್ಲ" ಅನ್ನುತ್ತಾನೆ.